ನಿವೃತ್ತ ಫುಟ್‌ಬಾಲ್ ಡಿಫೆಂಡರ್‌ಗಳು ಕೆಳ ಹಂತದ ಲೀಗ್‌ನಲ್ಲೇ ಕೋಚಿಂಗ್ ಶುರು ಮಾಡುವುದು ಯಾಕೆ?

ಮುಖ್ಯ ಕಾರಣ ಕೋಚಿಂಗ್ ಲೈಸೆನ್ಸ್. ಆಟ ಎಷ್ಟೇ ಗೊತ್ತಿದ್ದರೂ ಏಷ್ಯಾದಲ್ಲಿ ಸಿ, ಬಿ, ಎ, ಕೊನೆಗೆ ಪ್ರೊ ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು. ಕಲಿತದ್ದನ್ನು ಯಾವುದಾದರೂ ತಂಡದ ಜೊತೆ ಮಾಡಿ ನೋಡಬೇಕಲ್ವಾ? ಚಿಕ್ಕ ತಂಡದಲ್ಲಿ ಆ ಅವಕಾಶ ಬೇಗ ಸಿಗುತ್ತದೆ, ತಪ್ಪಾದರೂ ಗದ್ದಲ ಕಡಿಮೆ. ದುಡ್ಡೂ ಕಡಿಮೆಯೇ ಬಿಡಿ.

ಡಿಫೆಂಡರೇ ಯಾಕೆ ಅಂದರೆ, ಗೋಲು ಹೊಡೆಯುವ ಸ್ಟ್ರೈಕರ್ ಎಷ್ಟೋ ಸಲ ಗೋಲಿಗೆ ಬೆನ್ನು ಹಾಕಿ ಚೆಂಡಿಗೆ ಕಾಯುತ್ತಾನೆ. ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್‌ಗೆ ಇಡೀ ಮೈದಾನ ಕಣ್ಣೆದುರೇ ಇರುತ್ತದೆ. ನಮ್ಮ ಬಳ್ಳಾರಿಯಲ್ಲಿ ಸಂಜೆ ಹುಡುಗರ ಆಟ ನೋಡಿ: ಹಿಂದೆ ನಿಂತವನೇ ‘ಏ, ಎಡಕ್ಕ ಹೋಗಲೇ, ಅವನ್ನ ಹಿಡಿ’ ಅಂತ ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಅರ್ಧ ಕೋಚಿಂಗ್ ಅದೇ. ಭಾರತದ ಮಾಜಿ ಡಿಫೆಂಡರ್ ಗೌರಮಾಂಗಿ ಸಿಂಗ್ ಕೂಡ ಕೆಳ ಹಂತದ ಲೀಗ್‌ನಲ್ಲಿ ಆಡುತ್ತಿದ್ದ ಎಫ್‌ಸಿ ಬೆಂಗಳೂರು ಯುನೈಟೆಡ್ ಕ್ಲಬ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು.