ನೆಲಮಹಡಿಯವರೂ ಲಿಫ್ಟ್ ಖರ್ಚು ಕೊಡಬೇಕಾ?

ಲಿಫ್ಟೇ ಹತ್ತದ ನೆಲಮಹಡಿಯವರು ಅದರ ಖರ್ಚು ಯಾಕೆ ಕೊಡಬೇಕು ಅಂತ ಕೇಳಿದ್ದೀರಿ. ಮೊದಲು ನಿಮ್ಮ ಸಂಘದ ಬೈಲಾ ತೆಗೆದು ನೋಡಿ. ಕೆಲವು ಕಡೆ ಎಲ್ಲರಿಗೂ ಸಮ, ಕೆಲವು ಕಡೆ ಮನೆಯ ವಿಸ್ತೀರ್ಣದ ಲೆಕ್ಕ, ಅಪರೂಪಕ್ಕೆ ನೆಲಮಹಡಿಗೆ ರಿಯಾಯಿತಿ.

ಆದರೆ ನನ್ನ ಕೇಳಿದರೆ, ಬಳಸಿದಷ್ಟೇ ಕೊಡ್ತೀನಿ ಅನ್ನೋ ವಾದ ಜಾಸ್ತಿ ದೂರ ಹೋಗಲ್ಲ. ನೀರನ್ನೇ ನೋಡಿ. ಟ್ಯಾಂಕ್ ತಾರಸಿ ಮೇಲಿದ್ದರೆ ಪ್ರತಿ 10 ಮೀಟರ್ ಕೆಳಗಿಳಿದಂತೆ ನೀರಿನ ಒತ್ತಡ ಸುಮಾರು 1 ಬಾರ್ ಏರುತ್ತದೆ, ಅಂದರೆ 20 ಮಹಡಿಯ ಕಟ್ಟಡದ ಬುಡದಲ್ಲಿ ಸುಮಾರು 6 ಬಾರ್, ನಲ್ಲಿ, ಗೀಸರ್ ಜಾಯಿಂಟುಗಳೆಲ್ಲ ಸೋರುವಷ್ಟು. ಅದನ್ನು ತಗ್ಗಿಸೋಕೆ ಪೈಪಿನಲ್ಲಿ ಒತ್ತಡ ಇಳಿಸುವ ವಾಲ್ವ್ ಹಾಕಿರುತ್ತಾರೆ. ಅದು ಕೆಟ್ಟರೆ ತೊಂದರೆ ಕೆಳಗಿನವರಿಗೇ, ಮೇಲಿನವರಿಗೆ ಗೊತ್ತೂ ಆಗಲ್ಲ. ಆದರೂ ರಿಪೇರಿಗೆ ಅವರೂ ದುಡ್ಡು ಹಾಕುತ್ತಾರೆ, ಅಲ್ವಾ?

ಲಿಫ್ಟಿನಲ್ಲಿ ಎರಡು ಖರ್ಚು ಬೇರೆ ಮಾಡಿ. ತಿಂಗಳ ಕರೆಂಟು, ಸರ್ವಿಸ್ ಒಂದು. ಉಕ್ಕಿನ ಹಗ್ಗ, ಮೋಟರ್, ಕಂಟ್ರೋಲ್ ಪ್ಯಾನೆಲ್ ಬದಲಿಸೋದು ಇನ್ನೊಂದು. ಇದಕ್ಕೆ ತಿಂಗಳು ತಿಂಗಳು ಒಂದಿಷ್ಟು ಎತ್ತಿಡದಿದ್ದರೆ ಒಂದೇ ಸಲ ದೊಡ್ಡ ಮೊತ್ತ ತಲೆ ಮೇಲೆ ಬೀಳುತ್ತದೆ, ಆಗ ಸುಮ್ನೆ ಇದ್ದವರೂ ಜಗಳಕ್ಕೆ ನಿಲ್ಲುತ್ತಾರೆ. ಮೊದಲನೆಯದರಲ್ಲಿ ರಿಯಾಯಿತಿ ಕೇಳಿ, ಸಭೆ ಒಪ್ಪಲೂಬಹುದು. ಎರಡನೆಯದರಲ್ಲಿ ಕೇಳಬೇಡಿ, ಲಿಫ್ಟ್ ನಿಂತುಹೋದ ಕಟ್ಟಡದಲ್ಲಿ ನಿಮ್ಮ ಮನೆಗೂ ಒಳ್ಳೆ ಬೆಲೆ ಸಿಗಲ್ಲ. ಏನೇ ಒಪ್ಪಿದರೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಕಮಿಟಿ ಬದಲಾದರೆ ಬಾಯಿಮಾತು ಯಾರಿಗೂ ನೆನಪಿರಲ್ಲ.