ಪುಟ್ಟ ತೋಟಾ, ಚೆಲ್ಲುವ ಮದ್ದು

ಪ್ರಶ್ನೆ: ದೊಡ್ಡ ರೈಫಲ್ ತೋಟಾಗಳನ್ನು ವರ್ಷಗಟ್ಟಲೆ ರೀಲೋಡ್ ಮಾಡಿದ್ದೇನೆ, ಅಂದರೆ ಹೊಡೆದು ಖಾಲಿಯಾದ ಕೇಸಿಗೆ (ತೋಟಾದ ಲೋಹದ ಕವಚಕ್ಕೆ) ಮತ್ತೆ ಮದ್ದು, ಗುಂಡು ತುಂಬಿದ್ದೇನೆ, ಒಂದು ಕಾಳೂ ಚೆಲ್ಲಿದ್ದಿಲ್ಲ. ಈಗ .17 ರೆಮಿಂಗ್ಟನ್ ಮತ್ತು .22 ಹಾರ್ನೆಟ್ ಅನ್ನುವ ಪುಟ್ಟ ತೋಟಾಗಳನ್ನು ಶುರು ಮಾಡಿದ ಮೇಲೆ ನಾಲ್ಕೈದು ಕೇಸ್ ತುಂಬುವಷ್ಟರಲ್ಲಿ ಒಮ್ಮೆಯಾದರೂ ಮೇಜಿನ ಮೇಲೆ ಮದ್ದು ಬಿದ್ದಿರುತ್ತದೆ. ನನ್ನ ಕೈ ಸರಿ ಇಲ್ವಾ?

ಉತ್ತರ: ಕೈ ಸರಿಯಾಗೇ ಇದೆ. ಕೇಸಿನ ಬಾಯಿ ಚಿಕ್ಕದು, ಅಷ್ಟೇ. .17ರ ಗುಂಡಿನ ಅಡ್ಡಳತೆ 0.172 ಇಂಚು, ಅಂದರೆ 4.4 ಮಿ.ಮೀ.ಗೂ ಸ್ವಲ್ಪ ಕಡಿಮೆ. ಮಾಮೂಲಿ ಆಲಿಕೆಗಳನ್ನು .22 ಮತ್ತು ಅದಕ್ಕಿಂತ ದೊಡ್ಡ ತೋಟಾಗಳಿಗೆ ಅಂತ ಮಾಡಿರುತ್ತಾರೆ. ಅದನ್ನೇ .17ರ ಮೇಲೆ ಕೂರಿಸಿದರೆ ಆಲಿಕೆಯ ತೂತು ಕೇಸಿನ ಬಾಯಿಗಿಂತ ಅಗಲವಾಗಿರುತ್ತದೆ. ಒಂದಷ್ಟು ಕಾಳು ಒಳಗೆ ಹೋಗದೆ ಕುತ್ತಿಗೆಯ ಅಂಚಿನ ಮೇಲೆ ಕೂತುಬಿಡುತ್ತವೆ, ನೀವು ಆಲಿಕೆ ಎತ್ತಿದ ಕೂಡಲೇ ಮೇಜಿನ ಪಾಲು. ಹಾಗಾಗಿ ಮೊದಲು .17 ಮತ್ತು .20ಕ್ಕೆ ಅಂತಲೇ ಬರುವ ಆಲಿಕೆ ತಗೊಳ್ಳಿ. ಮದ್ದನ್ನು ಅಳೆದು ಬೀಳಿಸುವ ಪೌಡರ್ ಮೆಷರ್‌ನಿಂದ ನೇರವಾಗಿ ತುಂಬುವುದಾದರೆ ಅದರ ಕೆಳಗಿನ ಕೊಳವೆಯೂ ಆ ಅಳತೆಯದ್ದೇ ಇರಲಿ. ನಿಮ್ಮ ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ.

ಉಳಿದರ್ಧ ಮದ್ದಿನ ಆಕಾರದ್ದು. ಕಡ್ಡಿ ಕಡ್ಡಿಯಾಗಿರುವ ಮದ್ದನ್ನು ಒಟ್ಟಿಗೆ ಸುರಿದರೆ ಕಡ್ಡಿಗಳು ಒಂದಕ್ಕೊಂದು ಅಡ್ಡ ಬಿದ್ದು ಕುತ್ತಿಗೆಯಲ್ಲೇ ಕಮಾನು ಕಟ್ಟಿಕೊಳ್ಳುತ್ತವೆ. ಮೇಲಿನದು ಇಳಿಯುವುದಿಲ್ಲ, ನೀವು ಕೇಸ್ ತುಂಬಿತು ಅಂದುಕೊಂಡು ಆಲಿಕೆ ತೆಗೆಯುತ್ತೀರಿ, ಸಿಕ್ಕಿಕೊಂಡಿದ್ದದ್ದೆಲ್ಲ ಹೊರಗೆ. ಉಪಾಯ ಸುಲಭ: ತೂಗಿದ ಮದ್ದಿನ ತಟ್ಟೆಯನ್ನು ಒಂದೇ ಸಲ ಬಗ್ಗಿಸಬೇಡಿ. ಎಳೆಯಾಗಿ ಸುರಿಯುತ್ತಾ, ಆಲಿಕೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಇರಿ, ಪೂರ್ತಿ ಖಾಲಿಯಾಯಿತು ಅಂತ ಒಳಗೆ ಕಣ್ಣು ಹಾಯಿಸಿ ಆಮೇಲೆ ಎತ್ತಿ. ದುಂಡನೆಯ ಕಾಳಿನ ಮದ್ದು ನೀರಿನ ಹಾಗೆ ಇಳಿಯುತ್ತದೆ, ಈ ಕಾಟ ಇಲ್ಲ. ಆದರೆ ತುಂಬಾ ಸಣ್ಣ ಕಾಳು ಕೆಲವು ಮೆಷರ್‌ಗಳ ಸಂದಿಯಿಂದಲೇ ಸೋರುತ್ತದೆ, ಹಾಗಾಗಿ ಕೆಳಗೊಂದು ಟ್ರೇ ಇಟ್ಟಿರಿ. ಚೆಲ್ಲುತ್ತದೆ ಅಂತ ಮಾತ್ರಕ್ಕೆ ಮದ್ದನ್ನೇ ಬದಲಾಯಿಸಲು ಹೋಗಬೇಡಿ. ಬೇರೆ ಮದ್ದು ಅಂದರೆ ಬೇರೆ ಲೆಕ್ಕ, ಲೋಡಿಂಗ್ ಕೈಪಿಡಿ ನೋಡಿ ಅದರಲ್ಲಿ ಕೊಟ್ಟ ಅತಿ ಕಡಿಮೆ ಅಳತೆಯಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ಇನ್ನು ಒಣ ಹವೆಯಲ್ಲಿ ಪ್ಲಾಸ್ಟಿಕ್ ಆಲಿಕೆ ಬಳಸಿದರೆ ಕಾಳುಗಳು ಗೋಡೆಗೆ ಅಂಟಿಕೊಂಡು ಕೂರುತ್ತವೆ, ಕೆಲವು ಹಾರಿ ಆಚೆಗೂ ಬೀಳುತ್ತವೆ. ಅದು ಸ್ಟ್ಯಾಟಿಕ್ ಕರೆಂಟಿನ ಆಟ. ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಆಲಿಕೆಯಲ್ಲಿ ಇದು ಬಹಳ ಕಡಿಮೆ. ಪ್ಲಾಸ್ಟಿಕ್ಕೇ ಇರುವುದು ಅಂದರೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಹಾಗೇ ಪೂರ್ತಿ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಸ್ಟ್ಯಾಟಿಕ್ ಜಾಸ್ತಿಯೇ ಆಗುತ್ತದೆ!

ಸೈಜಿಂಗ್ ಮಾಡುವಾಗ, ಅಂದರೆ ಹಿಗ್ಗಿದ ಕೇಸನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುವಾಗ, ಹಚ್ಚಿದ ಎಣ್ಣೆ ಕುತ್ತಿಗೆಯೊಳಗೆ ಸ್ವಲ್ಪ ಉಳಿದಿದ್ದರೂ ಮದ್ದು ಅಲ್ಲೇ ಅಂಟುತ್ತದೆ. ತೊಳೆದ ಕೇಸ್ ಸರಿಯಾಗಿ ಒಣಗದಿದ್ದರೂ ಹಾಗೇ. ಹಾರ್ನೆಟ್‌ಗೆ ಇನ್ನೊಂದು ವಿಷಯ. ಅದರ ತಳದ ಅಂಚು 0.350 ಇಂಚು, .223 ಕುಟುಂಬದ ತೋಟಾಗಳದ್ದು 0.378. ಕೇಸ್ ನಿಲ್ಲಿಸಲು ದೊಡ್ಡದರ ಅಳತೆಗೆ ತೂತು ಕೊರೆದ ಲೋಡಿಂಗ್ ಬ್ಲಾಕ್‌ನಲ್ಲಿ ಹಾರ್ನೆಟ್ ನಿಲ್ಲಿಸಿದರೆ ಅಲ್ಲಾಡುತ್ತದೆ, ತೋಳು ತಗುಲಿದರೂ ವಾಲುತ್ತದೆ. ಅಳತೆಗೆ ತಕ್ಕ ಬ್ಲಾಕ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬಾರದು ಅನ್ನುವವನು ನಾನು.

ಪ್ರಶ್ನೆ: ನಾಲ್ಕು ಕಾಳು ಬಿದ್ದರೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ಹಾಗೇ ಗುಂಡು ಕೂರಿಸಿಬಿಡ್ತೀನಿ.

ಉತ್ತರ: ಬೇಡ. 60 ಗ್ರೇನ್ ಹಿಡಿಸುವ ದೊಡ್ಡ ಕೇಸಿನಲ್ಲಿ ಅರ್ಧ ಗ್ರೇನ್ ಹೋದರೆ ನೂರಕ್ಕೆ ಒಂದು ಪಾಲೂ ಅಲ್ಲ. 12 ಗ್ರೇನ್ ಹಿಡಿಸುವ ಪುಟ್ಟ ಕೇಸಿನಲ್ಲಿ ಅದೇ ಅರ್ಧ ಗ್ರೇನ್ ನೂರಕ್ಕೆ ನಾಲ್ಕು ಪಾಲಿಗಿಂತ ಜಾಸ್ತಿ. ಒಂದು ಗ್ರೇನ್ ಅಂದರೆ 0.065 ಗ್ರಾಂ, ಕಣ್ಣಂದಾಜಿನಲ್ಲಿ ಗೊತ್ತಾಗುವಂಥದ್ದಲ್ಲ. ಚೆಲ್ಲಿತಾ, ಆ ಕೇಸನ್ನು ತಟ್ಟೆಗೆ ಬಗ್ಗಿಸಿ ಖಾಲಿ ಮಾಡಿ ಮತ್ತೆ ತೂಗಿ. ಬಿದ್ದದ್ದನ್ನು ಅಂದಾಜಿನಲ್ಲಿ ಸೇರಿಸುವುದಂತೂ ಬೇಡವೇ ಬೇಡ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ, ಇದನ್ನು ನಾನು ಕಲಿತದ್ದು ಪೆದ್ದತನದಿಂದ. ಒಮ್ಮೆ ಮೆಷರ್‌ನಿಂದ ಕಡ್ಡಿ ಮದ್ದು ತುಂಬುತ್ತಿದ್ದೆ, ಒಂದು ಕೇಸ್ ಬಾಯಿ ಮೀರಿ ಉಕ್ಕಿತು. ಥತ್ ಅಂದುಕೊಂಡು ಅದನ್ನೊಂದು ಸರಿ ಮಾಡಿ ಮುಂದೆ ಹೋದೆ. ಕೊನೆಗೆ ಟಾರ್ಚ್ ಹಾಕಿ ಬ್ಲಾಕ್ ಪೂರ್ತಿ ನೋಡಿದಾಗ, ಅದರ ಹಿಂದಿನ ಕೇಸಿನಲ್ಲಿ ಅರ್ಧವೇ ಇತ್ತು! ಕೊಳವೆಯಲ್ಲಿ ಕಮಾನು ಕಟ್ಟಿ ನಿಂತ ಮದ್ದು ಮುಂದಿನದಕ್ಕೆ ಸೇರಿ ಬಿದ್ದಿತ್ತು. ಮದ್ದು ತೀರಾ ಕಡಿಮೆಯಾದರೆ ಗುಂಡು ಬ್ಯಾರಲ್‌ನಲ್ಲೇ ಸಿಕ್ಕಿಕೊಳ್ಳಬಹುದು, ಅದು ತಿಳಿಯದೆ ಇನ್ನೊಂದು ಹೊಡೆದರೆ ರೈಫಲ್ಲೇ ಸಿಡಿಯಬಹುದು. ಆವತ್ತಿನಿಂದ ಒಂದು ಕೇಸ್ ಉಕ್ಕಿದರೆ ನಾನು ಮೊದಲು ನೋಡುವುದು ಅದರ ಹಿಂದಿನದನ್ನು. ಎರಡನ್ನೂ ಖಾಲಿ ಮಾಡಿ ತೂಗುತ್ತೇನೆ.

ಪ್ರಶ್ನೆ: ಸರಿಯಾಗೇ ತೂಗಿದ್ದೇನೆ, ಆದರೂ ಮದ್ದು ಕುತ್ತಿಗೆವರೆಗೆ ಬಂದು ಉದುರುತ್ತೆ.

ಉತ್ತರ: ಮೊದಲು ಡಬ್ಬದ ಹೆಸರು, ಕೈಪಿಡಿಯ ಸಾಲು, ತಕ್ಕಡಿಯ ಸೊನ್ನೆ ಮೂರನ್ನೂ ಇನ್ನೊಮ್ಮೆ ನೋಡಿ. ಎಲ್ಲ ಸರಿ ಇದ್ದರೆ ಉದ್ದ ಕೊಳವೆಯ ಆಲಿಕೆ ಬಳಸಿ, ನಾಲ್ಕರಿಂದ ಆರು ಇಂಚಿನದ್ದು. ಎತ್ತರದಿಂದ ನಿಧಾನವಾಗಿ ಬಿದ್ದ ಕಾಳು ಒತ್ತಾಗಿ ಕೂರುತ್ತದೆ, ಅದೇ ತೂಕದ ಮದ್ದು ಕೇಸಿನಲ್ಲಿ ಸ್ವಲ್ಪ ಕೆಳಗೆ ನಿಲ್ಲುತ್ತದೆ.

ಪ್ರಶ್ನೆ: ಬಿದ್ದ ಮದ್ದನ್ನು ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದುಬಿಡಬಹುದಾ?

ಉತ್ತರ: ಖಂಡಿತ ಬೇಡ, ಮೋಟಾರಿನ ಕಿಡಿ ಸಾಕು ಹೊತ್ತಿಕೊಳ್ಳಲು. ಮೃದುವಾದ ಬ್ರಷ್ ಮತ್ತು ಮೊರದಂಥ ತಟ್ಟೆ ಸಾಕು. ನೆಲದಿಂದ ಗುಡಿಸಿದ್ದು ಡಬ್ಬಕ್ಕೆ ವಾಪಸ್ ಹೋಗಬಾರದು. ಅದರ ಜೊತೆ ಧೂಳು, ಹಿಂದೆ ಬಿದ್ದ ಬೇರೆ ಮದ್ದು, ಅಪರೂಪಕ್ಕೊಂದು ಪ್ರೈಮರ್ (ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಪುಟ್ಟ ಭಾಗ) ಕೂಡ ಇರಬಹುದು. ಒಂದು ಚಿಟಿಕೆಯಷ್ಟಾದರೆ ಹೊರಗೆ ಹುಲ್ಲಿನ ಮೇಲೆ ತೆಳ್ಳಗೆ ಎರಚಿಬಿಡಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬ ಇಟ್ಟುಕೊಂಡರೆ ಯಾವ ಮದ್ದು ಬಿತ್ತು ಅಂತಲಾದರೂ ಗೊತ್ತಿರುತ್ತದೆ.