ಉ: ಬ್ಯಾಕ್‌ಲಿಂಕ್ ಪ್ಯಾಕೇಜ್ ತಗೊಳ್ಳಬಹುದಾ?

ನಿಮ್ಮ ಹೋಮ್‌ಸ್ಟೇ ಸೈಟಿಗೆ ಬೇರೆ ಸೈಟುಗಳಿಂದ ಸಾವಿರಾರು ಲಿಂಕ್ (ಇವೇ ಬ್ಯಾಕ್‌ಲಿಂಕ್) ಹಾಕಿಸಿ, ಪುಟದ ಕೆಳಗೆ ಓದುಗರ ಕಣ್ಣಿಗೆ ಕಾಣದ ಹಾಗೆ ಬಿಳಿ ಅಕ್ಷರದಲ್ಲಿ ಊರಿನ ಹೆಸರು ತುಂಬಿ, ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಅಂತ ಏಜೆನ್ಸಿಯವರು ಗ್ಯಾರಂಟಿ ಕೊಡ್ತಿದ್ದಾರೆ, ಒಪ್ಪಲಾ ಅಂತ ಕೇಳಿದ್ದೀರಿ. ಬೇಡ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಬರೆದಿಟ್ಟಿದೆ.

ಬಿಳಿ ಅಕ್ಷರದ ಆಟ ಓಬೀರಾಯನ ಕಾಲದ್ದು, ಬಿಡಿ. ಲಿಂಕ್ ವಿಷಯಕ್ಕೆ ಬಂದರೆ, ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಕತೆ ನೋಡಿ. ಸಂಬಂಧವೇ ಇಲ್ಲದ ನೂರಾರು ಸೈಟುಗಳಲ್ಲಿ ಅವರ ಸೈಟಿಗೆ ಸಾವಿರಾರು ಲಿಂಕ್ ಇತ್ತು, ಅದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು, ಗೂಗಲ್ ಶಿಕ್ಷೆ ಕೊಟ್ಟಾಗ, ಸ್ಯಾಮ್ಸೊನೈಟ್ ಕಂಪನಿಯ ಲಗೇಜ್ ಹುಡುಕಾಟದಲ್ಲಿ 1ನೇ ಸ್ಥಾನದಲ್ಲಿದ್ದವರು ಕೆಲವೇ ಗಂಟೆಗಳಲ್ಲಿ 71ಕ್ಕೆ ಬಿದ್ದರು. ಲಿಂಕ್ ಹಾಕಿಸಿದ್ದು ನಾವಲ್ಲ ಅಂದರು. ತಮ್ಮ ಸರ್ಚ್ ಕೆಲಸ ನೋಡಿಕೊಳ್ಳುತ್ತಿದ್ದ ಏಜೆನ್ಸಿಯನ್ನೂ ಕಿತ್ತುಹಾಕಿದರು. ಆದರೆ ಶಿಕ್ಷೆ ಬಿದ್ದದ್ದು ಸೈಟಿಗೆ, ನಿಮ್ಮ ವಿಷಯದಲ್ಲೂ ಹಾಗೇ. ಈಗಂತೂ ಇಂಥ ಲಿಂಕ್‌ಗಳನ್ನು ಗೂಗಲ್ ಎಷ್ಟೋ ಸಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಂದರೆ ದುಡ್ಡು ಸುಮ್ನೆ ದಂಡ.

ಈಗಾಗಲೇ ಅಡ್ವಾನ್ಸ್ ಕೊಟ್ಟು ಕೆಲಸ ಶುರುವಾಗಿದ್ದರೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) 'ಮ್ಯಾನ್ಯುಯಲ್ ಆಕ್ಷನ್ಸ್', ಅಂದರೆ ಗೂಗಲ್‌ನವರು ಸೈಟಿಗೆ ಹಾಕಿದ ಶಿಕ್ಷೆಯ ಪುಟ, ತೆರೆದು ನೋಡಿ. ಅಲ್ಲಿ ಏನಾದರೂ ಬಂದಿದ್ದರೆ, ಹಾಕಿಸಿದ ಲಿಂಕ್ ತೆಗೆಸಿ, ತೆಗೆಸಲಾಗದ್ದನ್ನು ಡಿಸ್‌ಅವೌ ಮಾಡಿ (ಅಂದರೆ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಗೂಗಲ್‌ಗೆ ತಿಳಿಸಿ), ಆಮೇಲೆ ಮರುಪರಿಶೀಲನೆಗೆ ಅರ್ಜಿ ಹಾಕಿ.

ಹೋಮ್‌ಸ್ಟೇಗೆ ನಿಜವಾಗಿ ಕೆಲಸಕ್ಕೆ ಬರುವುದು ಗೂಗಲ್ ಮ್ಯಾಪ್ಸ್‌ನ ಬಿಸಿನೆಸ್ ಪ್ರೊಫೈಲ್. ಅದು ಉಚಿತ. ಸರಿಯಾದ ಫೋನ್ ನಂಬರ್, ಕೋಣೆಗಳ ಫೋಟೊ, ಬಂದುಹೋದವರ ವಿಮರ್ಶೆ ಇರಲಿ. ನೆಂಟರಿಂದ ಸುಳ್ಳು ವಿಮರ್ಶೆ ಬರೆಸಬೇಡಿ, ಅದೂ ನಿಯಮಕ್ಕೆ ವಿರುದ್ಧ.